ಕಂಟೇನರಿನೊಳಗಿನಿಂದ ಹೋಸ್ಟ್ ಯಂತ್ರವನ್ನು ಕರೆಯುವ ಕ್ರಮ

ವ್ಯಾಕರಣದ ತರಗತಿಯಲ್ಲಿ ನಾಮಪದಗಳ ಪಾಠವನ್ನು ಓದಿದ ಪ್ರತಿಯೊಬ್ಬ ಬಾಲಿಕೆಗೂ ಒಂದು ಸಂಗತಿ ನೆನಪಿರಬೇಕು. ‘ಗೌರಿಬಿದನೂರು’ ಎಂಬ ಅಂಕಿತನಾಮವನ್ನು ಯಾರು ಉಚ್ಚರಿಸಿದರೂ, ಎಲ್ಲಿ ನಿಂತು ಉಚ್ಚರಿಸಿದರೂ, ಅದು ಉತ್ತರ ಪಿನಾಕಿನಿಯ ದಡದ ಆ ಒಂದು ಊರನ್ನೇ ಸೂಚಿಸುತ್ತದೆ. ‘ನಾನು’ ಎಂಬ ಸರ್ವನಾಮವಾದರೋ ಆಡುವವರು ಬದಲಾದಂತೆಲ್ಲ ತನ್ನ ಅರ್ಥವನ್ನೂ ಬದಲಿಸಿಕೊಳ್ಳುತ್ತದೆ. ‘ಇಲ್ಲಿ’ ಎಂಬ ಶಬ್ದದ ಗತಿಯೂ ಹಾಗೆಯೇ. ಅಲೀಪುರದಿಂದ ಇರಾನಿಗೆ ವಿದ್ಯಾಭ್ಯಾಸಕ್ಕೆಂದು ಹೋದ ಮಗಳು ಫೋನಿನಲ್ಲಿ ‘ಇಲ್ಲಿ ಹಿಮ ಬೀಳುತ್ತಿದೆ’ ಎಂದರೆ, ತಾಯಿಯು ಅಂಗಳಕ್ಕೆ ಓಡಿಬಂದು ಆಕಾಶವನ್ನು ನೋಡುವುದಿಲ್ಲ. ಮನುಷ್ಯರಿಗೆ ಇದು ಹೇಳಿಕೊಡದೆಯೇ ತಿಳಿಯುತ್ತದೆ. ಕಂಪ್ಯೂಟರಿಗೂ ಸರಿಯಾಗಿಯೇ ತಿಳಿದಿದೆ; ಅದಕ್ಕೆ ಆಜ್ಞೆಯನ್ನು ಕೊಡುವ ಮನುಷ್ಯರಿಗೇ ಆ ಹೊತ್ತಿನಲ್ಲಿ ಮರೆತುಹೋಗುವುದುಂಟು.

ಈ ಲೇಖನದ ವಿಷಯವು ಅಂಥ ಒಂದು ಮರೆವಿನಿಂದ ಹುಟ್ಟುವ ತೊಡಕನ್ನು ಕುರಿತದ್ದಾಗಿದೆ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ಬೆಂಗಳೂರಿನ ತಂತ್ರಾಂಶದ ಕಂಪೆನಿಗಳಲ್ಲಿ ಉದ್ಯೋಗದಲ್ಲಿರುವರು. ತಮ್ಮ ಊರಿನ ಶಾಲೆ, ದವಾಖಾನೆ, ಅಂಗಡಿಗಳವರು ಸಹಾಯ ಬೇಡಿದಾಗ ಇಲ್ಲವೆನ್ನದೆ ರಜಾ ದಿನಗಳಲ್ಲಿ ಬಂದು ಕೆಲಸ ಮಾಡಿಕೊಡುವರು. ಅವರಿಗೆ ಇದು ಉಪಯೋಗವಾದೀತು. ತಾಯಿತಂದೆಗಳು ಇದನ್ನು ಏಕೆ ಓದಬೇಕೆಂದರೆ, ಈ ತೊಡಕನ್ನು ಬಿಡಿಸುವ ಆತುರದಲ್ಲಿ ಕೆಲವರು ಮಾಡುವ ಕೆಲಸದಿಂದ ಅವರ ಹೆಣ್ಣುಮಕ್ಕಳ ಹೆಸರು, ಹುಟ್ಟಿದ ತಾರೀಖು, ಮನೆಯ ವಿಳಾಸ, ಫೋನಿನ ನಂಬರು, ಅಂಕಪಟ್ಟಿ ಎಲ್ಲವೂ ಕಂಡಕಂಡವರ ಕೈಗೆ ಸಿಕ್ಕುವ ಸಂಭವವಿದೆ. ಮೊದಲು ಇವು ಕಬ್ಬಿಣದ ಬೀರುವಿನಲ್ಲಿ, ದಾಖಲಾತಿ ಪುಸ್ತಕದಲ್ಲಿ ಇದ್ದುವು. ಬೀಗದ ಕೈ ಒಬ್ಬರ ಸೊಂಟದಲ್ಲಿತ್ತು. ಈಗ ಅವು ಆಫೀಸಿನ ಮೇಜಿನ ಕೆಳಗಿನ ಯಂತ್ರದೊಳಗೆ ಇವೆ.

ಸಂದರ್ಭವನ್ನು ಹೇಳಿಬಿಡುವೆನು. ಆಫೀಸಿನಲ್ಲಿ ಲಿನಕ್ಸಿನಿಂದ ನಡೆಯುವ ಒಂದು ಕಂಪ್ಯೂಟರ್ ಇದೆ. ಅದರಲ್ಲಿ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಕೆಲವು ವರ್ಷಗಳಿಂದ ನಡೆಯುತ್ತ, ದಾಖಲಾತಿಯನ್ನೂ ಅಂಕಗಳನ್ನೂ ಕಾಪಾಡಿಕೊಂಡು ಬಂದಿದೆ. ವರ್ಗಾವಣೆ ಪತ್ರಗಳನ್ನು ಅಚ್ಚು ಹಾಕಿಕೊಡುವ ಒಂದು ಹೊಸ ತಂತ್ರಾಂಶವನ್ನು ಹಳೆಯ ವಿದ್ಯಾರ್ಥಿನಿಯೊಬ್ಬಳು ಬರೆದು, ಅದನ್ನು ಡಾಕರ್ ಕಂಟೇನರಿನಲ್ಲಿಟ್ಟು ತಂದಳು. ಬೆಂಗಳೂರಿನಲ್ಲಿ ಅವಳ ಮ್ಯಾಕ್ ಕಂಪ್ಯೂಟರಿನಲ್ಲಿ ಅದು ಚೆನ್ನಾಗಿ ನಡೆದಿತ್ತು. ಇಲ್ಲಿ ಅದು ದಾಖಲಾತಿಯನ್ನು ಓದಲಾರದೆ ಹೋಯಿತು. ‘ಟೀಚರ್, ಅಲ್ಲಿ ಕೇಳುತ್ತಿತ್ತು, ಇಲ್ಲಿ ಕೇಳುತ್ತಿಲ್ಲ’ ಎಂದಳು. ಅವಳು ಆಡಿದ ಆ ‘ಕೇಳು’ ಎಂಬ ಕ್ರಿಯಾಪದದಲ್ಲಿಯೇ ರೋಗದ ಅರ್ಧ ನಿದಾನವಿತ್ತೆಂಬುದನ್ನು ಮುಂದೆ ತೋರಿಸುವೆನು.

ಕಂಟೇನರ್ ಎಂದರೇನು? ಹಾಸ್ಟೆಲಿಗೆ ಬರುವ ಹುಡುಗಿಯು ಟ್ರಂಕಿನಲ್ಲಿ ಬಟ್ಟೆ, ತಟ್ಟೆ, ಪುಸ್ತಕ, ಸೂಜಿದಾರ ಸಮೇತ ತನಗೆ ಬೇಕಾದುದನ್ನೆಲ್ಲ ತುಂಬಿಕೊಂಡು ಬರುವಂತೆ, ಒಂದು ತಂತ್ರಾಂಶವು ತನಗೆ ಬೇಕಾದ ಸಮಸ್ತ ಸಾಮಗ್ರಿಯೊಡನೆ ಒಂದು ಯಂತ್ರದಿಂದ ಇನ್ನೊಂದಕ್ಕೆ ಹೋಗುವ ಏರ್ಪಾಡು. ಇದು ಒಂದೇ ದಿನದಲ್ಲಿ ಆದದ್ದಲ್ಲ. 1979ರಲ್ಲಿ ಯೂನಿಕ್ಸಿನ ಏಳನೆಯ ಆವೃತ್ತಿಯಲ್ಲಿ, ಒಂದು ಕಾರ್ಯಕ್ಕೆ ಕಡತಗಳ ಒಂದು ಭಾಗವನ್ನು ಮಾತ್ರ ಕಾಣುವಂತೆ ಮಾಡುವ ಉಪಾಯ ಬಂದಿತು. 2000ದಲ್ಲಿ ಫ್ರೀಬಿಎಸ್‌ಡಿ ಎಂಬ ವ್ಯವಸ್ಥೆಯವರು ಅದನ್ನು ಬಲಪಡಿಸಿ ‘ಜೈಲು’ ಎಂದೇ ಹೆಸರಿಟ್ಟರು. 2008ರಿಂದೀಚೆಗೆ ಲಿನಕ್ಸಿನ ಮೂಲ ತಂತ್ರಾಂಶದಲ್ಲಿ ಪ್ರತ್ಯೇಕ ಜಾಲದ ಕೋಣೆಗಳನ್ನು ಕಟ್ಟಲು ಸಾಧ್ಯವಾಯಿತು. 2013ರ ಮಾರ್ಚಿ ತಿಂಗಳಿನಲ್ಲಿ ಅಮೆರಿಕದ ಸಾಂಟಾ ಕ್ಲಾರಾದಲ್ಲಿ ನಡೆದ ಪೈಥಾನ್ ಸಮ್ಮೇಳನದಲ್ಲಿ ಸಾಲೊಮನ್ ಹೈಕ್ಸ್ ಎಂಬವರು ಡಾಕರ್ ಎಂಬುದನ್ನು ಐದು ನಿಮಿಷಗಳೊಳಗೆ ತೋರಿಸಿದರು. ಅಂದಿನಿಂದ ಇದು ಮನೆಮಾತಾಯಿತು.

ನಮ್ಮ ಪ್ರಕೃತ ವಿಷಯಕ್ಕೆ ಮುಖ್ಯವಾದದ್ದು ಆ ಜಾಲದ ಕೋಣೆ. ಕಂಟೇನರಿಗೆ ಪ್ರತ್ಯೇಕ ಅಡಿಗೆಮನೆ ಮಾತ್ರವಲ್ಲ, ಪ್ರತ್ಯೇಕ ಬಾಗಿಲು, ಪ್ರತ್ಯೇಕ ವಿಳಾಸ ಸಹ ಇರುತ್ತವೆ. ಅದು ಹೋಸ್ಟ್ ಯಂತ್ರದ ಹೊಟ್ಟೆಯಲ್ಲಿಯೇ ವಾಸಿಸುತ್ತಿದ್ದರೂ, ಅದರ ಎಣಿಕೆಯಲ್ಲಿ ಹೋಸ್ಟ್ ಯಂತ್ರವು ನೆರೆಮನೆಯಷ್ಟೇ ಬೇರೆ.

ಪ್ರತಿಯೊಂದು ಕಂಪ್ಯೂಟರಿನಲ್ಲಿಯೂ 127.0.0.1 ಎಂಬ ಒಂದು ವಿಳಾಸವಿದೆ. ಅದಕ್ಕೆ ‘ಲೋಕಲ್‌ಹೋಸ್ಟ್’ ಎಂತಲೂ ಹೆಸರು. ಇದರರ್ಥ ‘ನಾನು’ ಎಂದಷ್ಟೆ. 127ರಿಂದ ಆರಂಭವಾಗುವ ವಿಳಾಸಗಳು ಒಟ್ಟು 1,67,77,216 ಇವೆ. ಅವಷ್ಟನ್ನೂ ಈ ಒಂದು ‘ನಾನು’ ಎಂಬ ಅರ್ಥಕ್ಕೇ ಕಾದಿರಿಸಲಾಗಿದೆ. (ಜಗತ್ತಿನಲ್ಲಿ ವಿಳಾಸಗಳ ಬರಗಾಲ ಬಂದ ಮೇಲೆ ಈ ದುಂದುವೆಚ್ಚವನ್ನು ಕಂಡು ಮರುಗಿದವರು ಉಂಟು.) ತಂತ್ರಾಂಶವು ಹೋಸ್ಟ್ ಯಂತ್ರದಲ್ಲಿ ನೇರವಾಗಿ ನಡೆಯುತ್ತಿರುವಾಗ ‘ಲೋಕಲ್‌ಹೋಸ್ಟಿನ 5432ನೆಯ ಪೋರ್ಟಿನಲ್ಲಿರುವ ಪೋಸ್ಟ್‌ಗ್ರೆಸ್ಸನ್ನು ಕರೆ’ ಎಂದು ಬರೆದಿದ್ದರೆ ಅದು ಸರಿಯಾದ ಮಾತು; ಇಬ್ಬರೂ ಒಂದೇ ಮನೆಯವರು. ಅದೇ ತಂತ್ರಾಂಶವನ್ನು ಕಂಟೇನರಿನೊಳಗೆ ಇಟ್ಟ ಮೇಲೆ, ಒಂದಕ್ಷರವೂ ಬದಲಾಗದ ಅದೇ ವಾಕ್ಯದ ಅರ್ಥವು ಬದಲಾಗುತ್ತದೆ. ಅದು ಈಗ ತನ್ನ ಕೋಣೆಯೊಳಗೇ ಪೋಸ್ಟ್‌ಗ್ರೆಸ್ಸನ್ನು ಹುಡುಕುತ್ತದೆ. ಅಲ್ಲಿ ಯಾರೂ ಇಲ್ಲ. ‘ಸಂಪರ್ಕವು ನಿರಾಕರಿಸಲ್ಪಟ್ಟಿದೆ’ ಎಂಬ ಉತ್ತರ ಬರುತ್ತದೆ. ನಿರಾಕರಿಸಿದವರು ಯಾರು? ಪೋಸ್ಟ್‌ಗ್ರೆಸ್ ಅಲ್ಲ, ಅದರ ಕಿವಿಗೆ ಈ ಮಾತು ಮುಟ್ಟಿಯೇ ಇಲ್ಲ. ಕಂಟೇನರ್ ತನ್ನನ್ನು ತಾನೇ ಕರೆದು ತಾನೇ ನಿರಾಕರಿಸಿಕೊಂಡಿದೆ.

ಸರ್ವನಾಮವನ್ನು ಬಿಟ್ಟು ನಾಮವನ್ನು ಹಿಡಿಯಬೇಕು. ಯಾವ ನಾಮ?

ಡಾಕರನ್ನು ಸ್ಥಾಪಿಸಿದೊಡನೆ ಅದು ಹೋಸ್ಟ್ ಯಂತ್ರದಲ್ಲಿ ‘ಡಾಕರ್ ಸೊನ್ನೆ’ ಎಂಬ ಒಂದು ಸೇತುವೆಯನ್ನು ಕಟ್ಟುತ್ತದೆ. ಸಾಮಾನ್ಯವಾಗಿ ಆ ಸೇತುವೆಯ ಹೋಸ್ಟ್ ಕಡೆಯ ತುದಿಗೆ 172.17.0.1 ಎಂಬ ವಿಳಾಸ, ಕಂಟೇನರುಗಳಿಗೆ 172.17.0.2, 172.17.0.3 ಎಂದು ಮುಂದಿನ ವಿಳಾಸಗಳು. ಓಣಿಯ ಬಾಯಲ್ಲಿರುವ ದೊಡ್ಡ ಮನೆ ಹೋಸ್ಟ್. ಒಳಗಿನ ಸಾಲುಮನೆಗಳು ಕಂಟೇನರುಗಳು. ಸಾಲುಮನೆಯವರು ಹೊರಗೆ ಹೋಗಬೇಕಾದರೆ ದೊಡ್ಡ ಮನೆಯ ಮುಂದೆಯೇ ಹೋಗಬೇಕು. ಆದುದರಿಂದ ಅದರ ವಿಳಾಸವು ಅವರಿಗೆ ತಿಳಿದೇ ಇರುತ್ತದೆ. ಕಂಟೇನರಿನೊಳಗಿನಿಂದ 172.17.0.1 ಎಂದು ಕರೆದರೆ ಕೂಗು ಹೋಸ್ಟ್ ಯಂತ್ರಕ್ಕೆ ಮುಟ್ಟುತ್ತದೆ.

ಆದರೆ ಈ ಅಂಕಿಯನ್ನು ತಂತ್ರಾಂಶದೊಳಗೆ ಬರೆದಿಡುವುದು ಜಾಣತನವಲ್ಲ. ಇದು ಎಲ್ಲ ಯಂತ್ರಗಳಲ್ಲಿಯೂ ಹೀಗೆಯೇ ಇರುವುದೆಂಬ ನಿಯಮವಿಲ್ಲ. ಅಲ್ಲದೆ ಕಂಪೋಸ್ ಎಂಬ ಸಾಧನದಿಂದ ಕಂಟೇನರುಗಳನ್ನು ನಡೆಸುವವರಿಗೆ ಪ್ರತಿಯೊಂದು ಕೆಲಸಕ್ಕೂ ಒಂದು ಹೊಸ ಸೇತುವೆ ಕಟ್ಟಲ್ಪಡುತ್ತದೆ. ಅದರ ವಿಳಾಸವು 172.18 ಎಂದೋ 172.19 ಎಂದೋ ಆಗಬಹುದು. ಮ್ಯಾಕ್ ಮತ್ತು ವಿಂಡೋಸ್ ಯಂತ್ರಗಳಲ್ಲಂತೂ ಸಂಗತಿಯೇ ಬೇರೆ. ಕಂಟೇನರಿಗೆ ಲಿನಕ್ಸ್ ಬೇಕು; ಆದುದರಿಂದ ಅಲ್ಲಿ ಡಾಕರ್ ಡೆಸ್ಕ್‌ಟಾಪ್ ಎಂಬುದು ಗುಟ್ಟಾಗಿ ಒಂದು ಸಣ್ಣ ಲಿನಕ್ಸ್ ಯಂತ್ರವನ್ನೇ ಒಳಗೆ ಕಲ್ಪಿಸಿ ನಡೆಸುತ್ತದೆ. ಆ ಸೇತುವೆಯು ಈ ಕಲ್ಪಿತ ಯಂತ್ರದೊಳಗಿನದು, 172.17.0.1 ಎಂದು ಕರೆದರೆ ಓಗೊಡುವುದು ಮ್ಯಾಕ್ ಅಲ್ಲ, ನಡುವಿನ ಆ ಮನೆ.

ಇದಕ್ಕಾಗಿ ಡಾಕರಿನವರು ಒಂದು ಹೆಸರನ್ನೇ ಏರ್ಪಡಿಸಿದರು: ‘ಹೋಸ್ಟ್ ಡಾಟ್ ಡಾಕರ್ ಡಾಟ್ ಇಂಟರ್ನಲ್’. (ಪರದೆಯ ಮೇಲೆ ಇದನ್ನು ರೋಮನ್ ಅಕ್ಷರಗಳಲ್ಲಿ, ಡಾಟ್ ಎಂಬಲ್ಲಿ ಚುಕ್ಕೆಯನ್ನಿಟ್ಟು ಬರೆಯತಕ್ಕದ್ದು.) ಮ್ಯಾಕ್, ವಿಂಡೋಸುಗಳಿಗೆ ಈ ಹೆಸರು 2018ರ ಮಾರ್ಚಿ ತಿಂಗಳಿನ ಆವೃತ್ತಿಯೊಡನೆ ಬಂದಿತು. ಲಿನಕ್ಸಿನವರು 2020ರ ಡಿಸೆಂಬರಿನಲ್ಲಿ 20.10ನೆಯ ಆವೃತ್ತಿ ಬರುವವರೆಗೆ ಕಾಯಬೇಕಾಯಿತು. ಬಂದ ಮೇಲೂ ಅದು ತಾನಾಗಿ ದೊರೆಯುವುದಿಲ್ಲ, ಕೇಳಿ ಪಡೆಯಬೇಕು. ಕಂಟೇನರನ್ನು ಆರಂಭಿಸುವ ಆಜ್ಞೆಯಲ್ಲಿ ‘ಆ್ಯಡ್-ಹೋಸ್ಟ್’ ಎಂಬ ಸೂಚನೆಯನ್ನು ಸೇರಿಸಿ, ಈ ಹೆಸರಿನ ಮುಂದೆ ‘ಹೋಸ್ಟ್-ಗೇಟ್‌ವೇ’ ಎಂದು ಬರೆಯಬೇಕು. ಕಂಪೋಸ್ ಕಡತದಲ್ಲಾದರೆ ‘ಎಕ್ಸ್‌ಟ್ರಾ ಹೋಸ್ಟ್ಸ್’ ಎಂಬ ಶೀರ್ಷಿಕೆಯ ಕೆಳಗೆ ಇದೇ ಮಾತು. ಆಗ ಡಾಕರ್ ತಾನೇ ಸರಿಯಾದ ಅಂಕಿಯನ್ನು ಹುಡುಕಿ ಆ ಹೆಸರಿಗೆ ಜೋಡಿಸುತ್ತದೆ. ಪಾಡ್‌ಮನ್ ಎಂಬ ಇನ್ನೊಂದು ಸಾಧನವನ್ನು ಬಳಸುವವರಿಗೆ ‘ಹೋಸ್ಟ್ ಡಾಟ್ ಕಂಟೇನರ್ಸ್ ಡಾಟ್ ಇಂಟರ್ನಲ್’ ಎಂಬ ಹೆಸರಿದೆ.

ಈ ಹೆಸರಿಗೆ ಕನ್ನಡದಲ್ಲಿ ನಾನು ಕೊಡುವ ಅರ್ಥವು ‘ತವರುಮನೆ’ ಎಂಬುದು. ಮದುವೆಯಾಗಿ ಹೋದ ಹೆಣ್ಣು ‘ನಮ್ಮ ಮನೆ’ ಎಂದರೆ ಅದು ಗಂಡನ ಮನೆ. ‘ನಮ್ಮ ತವರು’ ಎಂದರೆ ಹುಟ್ಟಿದ ಮನೆ. ಒಬ್ಬಳ ತವರು ಮಂಚೇನಹಳ್ಳಿಯಲ್ಲಿರಬಹುದು, ಇನ್ನೊಬ್ಬಳದು ಹಿಂದೂಪುರದಲ್ಲಿರಬಹುದು. ಶಬ್ದವು ಒಂದೇ, ಆದರೆ ಪ್ರತಿಯೊಬ್ಬಳಿಗೂ ತನ್ನ ತವರಿಗೇ ಹೋಗುವ ದಾರಿಯನ್ನು ತೋರಿಸುತ್ತದೆ. ಕಂಟೇನರ್ ಯಾವ ಯಂತ್ರಕ್ಕೆ ಹೋದರೂ ಈ ಹೆಸರು ಆ ಯಂತ್ರದ ಹೋಸ್ಟನ್ನೇ ತೋರಿಸುವುದರಿಂದ, ತಂತ್ರಾಂಶದೊಳಗೆ ಬರೆದಿಡಲು ಯೋಗ್ಯವಾದದ್ದು ಇದೇ.

ಇಷ್ಟಕ್ಕೆ ಅರ್ಧ ಪಾಠ ಮುಗಿಯಿತು. ನಮ್ಮ ವಿದ್ಯಾರ್ಥಿನಿಯು ಈ ಅರ್ಧವನ್ನು ಚೆನ್ನಾಗಿಯೇ ಬಲ್ಲವಳಾಗಿದ್ದಳು. ಹೆಸರನ್ನು ಸರಿಯಾಗಿ ಬರೆದಿದ್ದಳು. ಲಿನಕ್ಸಿಗೆ ಬೇಕಾದ ಸೂಚನೆಯನ್ನೂ ಸೇರಿಸಿದ್ದಳು. ಆದರೂ ಕೆಲಸ ಆಗಲಿಲ್ಲ. ಯಾಕೆಂದರೆ ಕೂಗುವವರು ಸರಿಯಾಗಿ ಕೂಗಿದರೆ ಸಾಲದು. ಕೇಳುವವರು ಆ ಕಡೆಗೆ ಕಿವಿಗೊಟ್ಟಿರಬೇಕು.

ಗೌರಿಬಿದನೂರಿನ ಬಳಿ 1976ರಿಂದ ಒಂದು ರೇಡಿಯೋ ವೀಕ್ಷಣಾಲಯವಿರುವುದು ವಾಚಕರಲ್ಲಿ ಹಲವರಿಗೆ ಗೊತ್ತಿದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರೂ ರಾಮನ್ ಸಂಶೋಧನಾ ಸಂಸ್ಥೆಯವರೂ ಕೂಡಿ ಅಲ್ಲಿ 1000 ದ್ವಿಧ್ರುವ ಆಂಟೆನಾಗಳನ್ನು ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದಲ್ಲಿ ನೆಟ್ಟು, 34.5 ಮೆಗಾಹರ್ಟ್ಸ್ ಕಂಪನಾಂಕದಲ್ಲಿ ಆಕಾಶವನ್ನು ಆಲಿಸಿದರು. ಆಲಿಸುವುದಕ್ಕೆ ಎರಡು ನಿರ್ಣಯಗಳು ಬೇಕೆಂಬುದನ್ನು ಈ ಉದಾಹರಣೆಯಿಂದ ತಿಳಿಯಬಹುದು: ಯಾವ ಕಂಪನಾಂಕ ಎಂಬುದೊಂದು, ಯಾವ ದಿಕ್ಕು ಎಂಬುದೊಂದು. ಕಂಪನಾಂಕ ಸರಿಯಾಗಿದ್ದು ದಿಕ್ಕು ತಪ್ಪಿದರೆ ಏನೂ ಕೇಳದು. ಡೇಟಾಬೇಸಿಗೂ ಹಾಗೆಯೇ. 5432 ಎಂಬ ಪೋರ್ಟ್ ಅದರ ಕಂಪನಾಂಕ. ಯಾವ ವಿಳಾಸದಲ್ಲಿ ಆಲಿಸುವುದೆಂಬುದು ಅದರ ದಿಕ್ಕು.

ಪೋಸ್ಟ್‌ಗ್ರೆಸ್ ಸ್ಥಾಪಿತವಾದಾಗ ಅದರ ‘ಲಿಸನ್ ಅಡ್ರೆಸೆಸ್’ ಎಂಬ ಸ್ಥಾನದಲ್ಲಿ ‘ಲೋಕಲ್‌ಹೋಸ್ಟ್’ ಎಂದು ಮಾತ್ರ ಇರುತ್ತದೆ. ಅಂದರೆ ತನ್ನ ಮನೆಯೊಳಗಿನವರ ಮಾತಿಗೆ ಮಾತ್ರ ಅದು ಕಿವಿಗೊಡುತ್ತದೆ. ಇದು ಒಳ್ಳೆಯ ಸ್ವಭಾವವೇ, ಬೈಯತಕ್ಕದ್ದಲ್ಲ. ಓಣಿಯ ಕಡೆಯ 172.17.0.1 ಎಂಬ ಬಾಗಿಲಿನ ಮೇಲೆ ಯಾರು ಬಡಿದರೂ ಅದು ಏಳುವುದಿಲ್ಲ. ಹಾಗಾದರೆ ಬೆಂಗಳೂರಿನ ಮ್ಯಾಕ್ ಯಂತ್ರದಲ್ಲಿ ಹೇಗೆ ಕೇಳಿತು? ಡಾಕರ್ ಡೆಸ್ಕ್‌ಟಾಪಿನಲ್ಲಿ ಕಂಟೇನರಿನ ಕೂಗನ್ನು ಮ್ಯಾಕಿನ ಮೇಲೆಯೇ ನಡೆಯುತ್ತಿರುವ ಒಂದು ಸೇವಕ ತಂತ್ರಾಂಶವು ತೆಗೆದುಕೊಂಡು, ಮನೆಯೊಳಗಿನವನಂತೆ ನಿಂತು ತಾನೇ ಮತ್ತೆ ಕೂಗುತ್ತದೆ. ಡೇಟಾಬೇಸಿಗೆ ಅದು ಒಳಗಿನವರ ದನಿಯಾಗಿಯೇ ಕೇಳುತ್ತದೆ. ಲಿನಕ್ಸಿನಲ್ಲಿ ಅಂಥ ನಡುಗಾರನಿಲ್ಲ. ಕೂಗು ಕಂಟೇನರಿನ ಸ್ವಂತ ವಿಳಾಸದಿಂದಲೇ ಬರುತ್ತದೆ. ‘ಅಲ್ಲಿ ನಡೆಯಿತು, ಇಲ್ಲಿ ನಡೆಯಲಿಲ್ಲ’ ಎಂಬ ಗೊಣಗಾಟದಲ್ಲಿ ಬಹುಪಾಲು ಈ ಒಂದು ಭೇದದಿಂದ ಹುಟ್ಟಿದ್ದಾಗಿದೆ.

ಇಲ್ಲಿ ವಿದ್ಯಾರ್ಥಿನಿಯರಿಗೆ ನಾನು ಬಲವಾಗಿ ಹೇಳುವ ಮಾತು ಒಂದಿದೆ: ಬರುವ ಉತ್ತರವನ್ನು ಪೂರ್ತಿಯಾಗಿ ಓದಿರಿ. ಇಂಗ್ಲಿಷಿನಲ್ಲಿದೆಯೆಂದು ಹೆದರಿ, ‘ಏನೋ ತಪ್ಪು ಬಂದಿದೆ’ ಎಂದು ಕಿಟಕಿಯನ್ನು ಮುಚ್ಚಬಾರದು. ಬಾಗಿಲು ತಟ್ಟಿದಾಗ ದೊರೆಯುವ ಮೌನಗಳಲ್ಲಿ ಭೇದವುಂಟು. ‘ಆ ಹೆಸರಿನವರು ಗೊತ್ತಿಲ್ಲ’ ಎಂದು ಬಂದರೆ ತವರಿನ ಹೆಸರನ್ನು ಜೋಡಿಸಿಲ್ಲ ಎಂದರ್ಥ. ‘ಆ್ಯಡ್-ಹೋಸ್ಟ್’ ಸೂಚನೆ ಬಿಟ್ಟುಹೋಗಿದೆ. ‘ಸಂಪರ್ಕವು ನಿರಾಕರಿಸಲ್ಪಟ್ಟಿದೆ’ ಎಂದು ತತ್‌ಕ್ಷಣ ಬಂದರೆ, ಮನೆ ಸಿಕ್ಕಿತು, ಆದರೆ ಆ ಬಾಗಿಲಿನ ಹಿಂದೆ ಆಲಿಸುವವರಿಲ್ಲ. ‘ಲಿಸನ್ ಅಡ್ರೆಸೆಸ್’ ನೋಡತಕ್ಕದ್ದು. ಏನೂ ಬಾರದೆ ಬಹಳ ಹೊತ್ತು ಕಾಯಿಸಿ, ಕೊನೆಗೆ ‘ಕಾಲ ಮೀರಿತು’ ಎಂದರೆ, ದಾರಿಯಲ್ಲಿ ಫೈರ್‌ವಾಲ್ ಎಂಬ ಕಾವಲುಗಾರನು ಕೂಗನ್ನು ಸದ್ದಿಲ್ಲದೆ ನುಂಗಿದ್ದಾನೆ. ಉಬುಂಟು ಯಂತ್ರಗಳಲ್ಲಿ ಯು.ಎಫ್.ಡಬ್ಲ್ಯು. ಎಂಬ ಕಾವಲನ್ನು ಆರಂಭಿಸಿದ್ದರೆ ಅವನು ಕಂಟೇನರಿನ ಕೂಗನ್ನೂ ಹೊರಗಿನವರ ಕೂಗಿನಂತೆಯೇ ಎಣಿಸುತ್ತಾನೆ. ಇನ್ನು ‘ಪಿ.ಜಿ. ಎಚ್‌ಬಿಎ ಕಡತದಲ್ಲಿ ಈ ವಿಳಾಸದವರಿಗೆ ನಮೂದಿಲ್ಲ’ ಎಂದು ಬಂದರೆ ಸಂತೋಷಪಡಬೇಕು. ಡೇಟಾಬೇಸೇ ಸ್ವತಃ ಎದ್ದು ಬಂದು ಮಾತಾಡುತ್ತಿದೆ, ಆದರೆ ಒಳಗೆ ಬಿಡಲು ನಿಮ್ಮ ಹೆಸರು ಅದರ ಪಟ್ಟಿಯಲ್ಲಿಲ್ಲ. ‘ಗುಪ್ತಪದ ತಪ್ಪು’ ಎಂಬುದು ಕೊನೆಯ ಮೆಟ್ಟಿಲು. ಇವುಗಳನ್ನು ಒಂದರಿಂದ ಇನ್ನೊಂದನ್ನು ಬೇರ್ಪಡಿಸಿ ಓದುವವಳಿಗೆ ಅರ್ಧ ಗಂಟೆಯ ಕೆಲಸ. ಓದದವಳಿಗೆ ಅರ್ಧ ದಿನ.

ಇನ್ನು ಅಪಾಯದ ಮಾತು. ಅದೇ ದಿನ ಪರಿಚಿತರಾದ ಒಬ್ಬ ಕಂಪ್ಯೂಟರ್ ರಿಪೇರಿಯವರು, ಎಲ್ಲರ ಮುಂದೆಯೇ, ಬಹಳ ಸುಲಭವಾದ ಪರಿಹಾರವೊಂದನ್ನು ಹೇಳಿದರು: ‘ಲಿಸನ್ ಅಡ್ರೆಸೆಸ್’ ಸ್ಥಾನದಲ್ಲಿ ಒಂದು ನಕ್ಷತ್ರ ಚಿಹ್ನೆಯನ್ನು ಹಾಕಿ, ಪಟ್ಟಿಯಲ್ಲಿ ಎಲ್ಲ ವಿಳಾಸಗಳಿಗೂ ‘ಟ್ರಸ್ಟ್’ ಎಂದು ಬರೆದು, ಫೈರ್‌ವಾಲನ್ನು ನಿಲ್ಲಿಸಿಬಿಡಿ, ಎಂದು. ಹಾಗೆ ಮಾಡಿದರೆ ಕಂಟೇನರ್ ಮಾತಾಡುವುದರಲ್ಲಿ ಸಂದೇಹವಿಲ್ಲ. ಆದರೆ ಆ ನಕ್ಷತ್ರದ ಅರ್ಥ ‘ಎಲ್ಲ ದಿಕ್ಕುಗಳಿಂದಲೂ’ ಎಂದು. ‘ಟ್ರಸ್ಟ್’ ಎಂಬುದರ ಅರ್ಥ ‘ಗುಪ್ತಪದವನ್ನು ಕೇಳಬೇಡ’ ಎಂದು. ಶಾಲೆಯ ವೈ-ಫೈ ಗುಪ್ತಪದವು ಎಷ್ಟು ಜನರ ಫೋನುಗಳಲ್ಲಿದೆಯೆಂಬುದನ್ನು ಎಣಿಸಿ ನೋಡಿದರೆ, ಆ ದಿನದಿಂದ ದಾಖಲಾತಿ ಪುಸ್ತಕವು ಎಷ್ಟು ಜನರ ಮುಂದೆ ಬಿಚ್ಚಿಟ್ಟಂತಾಗುತ್ತಿತ್ತೆಂಬುದು ತಿಳಿಯುತ್ತದೆ. ಒಬ್ಬಳ ಮನೆಗೆ ಹೋಗುವ ದಾರಿಯನ್ನು ತೆರೆಯಲು ಊರ ಗೋಡೆಯನ್ನೇ ಕೆಡಹಿದಂತೆ.

ಇದು ಬರಿಯ ಹೆದರಿಕೆಯಲ್ಲ. 2017ರ ಜನವರಿಯಲ್ಲಿ ಜಗತ್ತಿನಾದ್ಯಂತ ಹತ್ತಾರು ಸಾವಿರ ಮಾಂಗೋಡಿಬಿ ಡೇಟಾಬೇಸುಗಳು, ಗುಪ್ತಪದವಿಲ್ಲದೆ ಎಲ್ಲ ದಿಕ್ಕುಗಳಿಗೂ ಕಿವಿಗೊಟ್ಟು ಕುಳಿತಿದ್ದವು, ದುಷ್ಟರ ಕೈಗೆ ಸಿಕ್ಕಿ ಬರಿದಾದುವು. ಒಳಗಿದ್ದುದನ್ನು ಅಳಿಸಿಹಾಕಿ, ಹಣ ಕೊಟ್ಟರೆ ಹಿಂದಿರುಗಿಸುವೆವೆಂಬ ಚೀಟಿಯನ್ನು ಮಾತ್ರ ಬಿಟ್ಟಿದ್ದರು. ಅದನ್ನು ತಯಾರಿಸುವವರು ಆ ವರ್ಷಾಂತ್ಯದ ಹೊತ್ತಿಗೆ 3.6ನೆಯ ಆವೃತ್ತಿಯಿಂದ, ಹೇಳಿ ಬದಲಾಯಿಸಿದ ಹೊರತು ಲೋಕಲ್‌ಹೋಸ್ಟಿಗೆ ಮಾತ್ರ ಕಿವಿಗೊಡುವಂತೆ ಮಾಡಿದರು. ರೆಡಿಸ್ ಎಂಬ ಇನ್ನೊಂದರವರು 2016ರಲ್ಲಿಯೇ ಇಂಥ ಕಾಪನ್ನು ಸೇರಿಸಿದ್ದರು. ನಮ್ಮ ದೇಶದಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು, 18 ವರ್ಷ ತುಂಬದವರನ್ನು ಮಕ್ಕಳೆಂದು ಎಣಿಸಿ, ಅವರ ವಿವರಗಳನ್ನು ಬಳಸುವುದಕ್ಕೆ ತಾಯಿತಂದೆಗಳ ಒಪ್ಪಿಗೆಯನ್ನು ಪಡೆಯಬೇಕೆಂದೂ, ಇಟ್ಟುಕೊಂಡವರು ತಕ್ಕ ಭದ್ರತೆಯನ್ನು ಏರ್ಪಡಿಸಬೇಕೆಂದೂ ವಿಧಿಸಿದೆ; ತಪ್ಪಿದವರಿಗೆ 250 ಕೋಟಿ ರೂಪಾಯಿಗಳವರೆಗೆ ದಂಡವನ್ನು ಅದರಲ್ಲಿ ಬರೆದಿದೆ. ನನ್ನ ಮಟ್ಟಿಗೆ ದಂಡದ ಮೊತ್ತಕ್ಕಿಂತ, ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ಮನೆಯ ಫೋನಿನ ನಂಬರು ಅಪರಿಚಿತನೊಬ್ಬನ ಕೈಗೆ ಹೋಗುವುದೇ ಹೆಚ್ಚಿನ ಭಯ.

‘ಹೋಸ್ಟ್ ಜಾಲ’ ಎಂಬ ಇನ್ನೊಂದು ಸುಲಭೋಪಾಯವನ್ನೂ ಕೆಲವರು ಹೇಳುವರು. ಕಂಟೇನರಿಗೆ ಪ್ರತ್ಯೇಕ ಜಾಲದ ಕೋಣೆಯನ್ನೇ ಕೊಡದೆ, ಹೋಸ್ಟಿನ ಕೋಣೆಯಲ್ಲಿಯೇ ಅದನ್ನು ಕೂಡಿಸುವುದು. ಆಗ ‘ನಾನು’ ಎಂದರೆ ಹೋಸ್ಟೇ ಆಗುವುದರಿಂದ ಲೋಕಲ್‌ಹೋಸ್ಟ್ ಎಂಬ ಹಳೆಯ ಮಾತೇ ನಡೆಯುತ್ತದೆ. ಡೇಟಾಬೇಸಿನ ಕಿವಿಯನ್ನು ಅಗಲಿಸಬೇಕಾಗಿಯೂ ಇಲ್ಲ. ಲಿನಕ್ಸಿನಲ್ಲಿ ಇದು ಮೊದಲಿನಿಂದಲೂ ಉಂಟು. ಡಾಕರ್ ಡೆಸ್ಕ್‌ಟಾಪಿನಲ್ಲಿ 2024ರಲ್ಲಿ ಬೇಕೆಂದವರಿಗೆ ದೊರೆಯುವಂತಾಯಿತು. ಒಂದೇ ನಂಬಿಕಸ್ತ ತಂತ್ರಾಂಶವನ್ನು ನಡೆಸುವ ಯಂತ್ರದಲ್ಲಿ ಇದನ್ನು ಮಾಡಿದರೆ ನಾನು ಆಕ್ಷೇಪಿಸಲಾರೆ. ಆದರೆ ನಡುಗೋಡೆಯನ್ನು ತೆಗೆದ ಮೇಲೆ ಆ ಕಂಟೇನರ್ ಹೋಸ್ಟಿನ ಎಲ್ಲ ಸೇವೆಗಳನ್ನೂ ಮುಟ್ಟಬಲ್ಲದು. ಎರಡು ತಂತ್ರಾಂಶಗಳು ಒಂದೇ ಪೋರ್ಟಿಗಾಗಿ ಜಗಳವಾಡುವುದೂ ಉಂಟು. ಗೋಡೆ ಬೇಡವೆಂದಿದ್ದರೆ ಕಂಟೇನರನ್ನೇ ಏಕೆ ಕಟ್ಟಬೇಕಾಗಿತ್ತು?

ಶಾಲೆಯ ಯಂತ್ರದಲ್ಲಿ ಕಡೆಗೆ ಮಾಡಿದ್ದನ್ನು ಹೇಳುತ್ತೇನೆ. ವರ್ಗಾವಣೆ ಪತ್ರದ ತಂತ್ರಾಂಶಕ್ಕೆ ಕಂಪೋಸ್ ಕಡತದಲ್ಲಿ 172.30.5.0/24 ಎಂಬ ಒಂದು ಸ್ಥಿರವಾದ ಓಣಿಯನ್ನು ಗೊತ್ತುಮಾಡಲಾಯಿತು. ಇಲ್ಲದಿದ್ದರೆ ಡಾಕರ್ ಇಂದು ಒಂದು, ನಾಳೆ ಒಂದು ವಿಳಾಸವನ್ನು ಕೊಟ್ಟೀತು, ಪಟ್ಟಿಯಲ್ಲಿ ಬರೆದದ್ದು ವ್ಯರ್ಥವಾದೀತು. ಪೋಸ್ಟ್‌ಗ್ರೆಸ್ಸಿನ ‘ಲಿಸನ್ ಅಡ್ರೆಸೆಸ್’ ಸ್ಥಾನದಲ್ಲಿ ಲೋಕಲ್‌ಹೋಸ್ಟಿನ ಜೊತೆಗೆ 172.17.0.1 ಒಂದನ್ನು ಮಾತ್ರ ಸೇರಿಸಿತು. ‘ಹೋಸ್ಟ್-ಗೇಟ್‌ವೇ’ ಎಂಬುದು ಸಾಮಾನ್ಯವಾಗಿ ತೋರಿಸುವುದು ಆ ವಿಳಾಸವನ್ನೇ. ಪಟ್ಟಿಯಲ್ಲಿ ಒಂದೇ ಹೊಸ ಸಾಲು: ಇಂಥ ಡೇಟಾಬೇಸಿಗೆ, ಇಂಥ ಬಳಕೆದಾರಳಿಗೆ, 172.30.5.0/24 ಓಣಿಯಿಂದ ಬಂದರೆ, ಸ್ಕ್ರ್ಯಾಮ್-ಷಾ-256 ವಿಧಾನದ ಗುಪ್ತಪದದ ಮೇಲೆ ಮಾತ್ರ ಪ್ರವೇಶ. ಆ ಬಳಕೆದಾರಳಿಗೂ ದಾಖಲಾತಿಯನ್ನು ಓದುವ ಅಧಿಕಾರವಿದೆ, ತಿದ್ದುವ ಅಧಿಕಾರವಿಲ್ಲ. ಫೈರ್‌ವಾಲಿನಲ್ಲಿ ಆ ಓಣಿಯಿಂದ 5432ಕ್ಕೆ ಮಾತ್ರ ಅನುಮತಿ. ‘ಲಿಸನ್ ಅಡ್ರೆಸೆಸ್’ ಬದಲಾಯಿಸಿದಾಗ ಪೋಸ್ಟ್‌ಗ್ರೆಸ್ಸನ್ನು ನಿಲ್ಲಿಸಿ ಮತ್ತೆ ಆರಂಭಿಸಬೇಕು. ಪಟ್ಟಿಯನ್ನು ಬದಲಾಯಿಸಿದರೆ ಮರಳಿ ಓದಿಸಿದರೆ ಸಾಕು.

ಒಂದು ಸಣ್ಣ ಕೊಕ್ಕೆ ಉಳಿದಿತ್ತು. ಕರೆಂಟು ಹೋಗಿ ಬಂದ ಮರುದಿನ ಮತ್ತೆ ಸಂಪರ್ಕ ನಿಂತಿತು. ಯಂತ್ರವು ಏಳುವಾಗ ಪೋಸ್ಟ್‌ಗ್ರೆಸ್ ಮೊದಲು ಎದ್ದಿತು, ಆಗ ಡಾಕರ್ ಇನ್ನೂ ಸೇತುವೆಯನ್ನು ಕಟ್ಟಿರಲಿಲ್ಲ, 172.17.0.1 ಎಂಬ ವಿಳಾಸವೇ ಇರಲಿಲ್ಲ. ಇಲ್ಲದ ಬಾಗಿಲಿಗೆ ಕಿವಿಗೊಡುವುದು ಹೇಗೆ? ಅದು ತನ್ನ ದಿನಚರಿಯಲ್ಲಿ ಒಂದು ಎಚ್ಚರಿಕೆಯನ್ನು ಬರೆದು, ಲೋಕಲ್‌ಹೋಸ್ಟಿನೊಂದಿಗೇ ತೃಪ್ತಿಪಟ್ಟಿತು. ಡಾಕರ್ ಎದ್ದ ಮೇಲೆಯೇ ಪೋಸ್ಟ್‌ಗ್ರೆಸ್ ಏಳುವಂತೆ ಸಿಸ್ಟಮ್‌ಡಿಯಲ್ಲಿ ಕ್ರಮವನ್ನು ಬರೆದ ಮೇಲೆ ಈ ತೊಂದರೆ ಕಾಣಲಿಲ್ಲ. ಗೌರಿಬಿದನೂರು ತಾಲ್ಲೂಕಿನಲ್ಲಿ ಕರೆಂಟಿನ ಮೇಲೆ ಭಾರ ಹಾಕಿ ಯಾವ ಕೆಲಸವನ್ನೂ ಏರ್ಪಡಿಸಬಾರದೆಂಬುದು ಗೃಹಿಣಿಯರಿಗೆಲ್ಲ ತಿಳಿದದ್ದೇ.

ಮೈಎಸ್‌ಕ್ಯೂಎಲ್ ಅಥವಾ ಮಾರಿಯಾಡಿಬಿ ಬಳಸುವವರಿಗೆ ಎರಡು ಮಾತು. ಅಲ್ಲಿ ‘ಬೈಂಡ್-ಅಡ್ರೆಸ್’ ಎಂಬುದೇ ಕಿವಿ. ಅಲ್ಲದೆ ಬಳಕೆದಾರರ ಹೆಸರಿನ ಜೊತೆಗೆ ಅವರು ಎಲ್ಲಿಂದ ಬರುವರೆಂಬುದೂ ಸೇರಿರುತ್ತದೆ; ‘ಲೋಕಲ್‌ಹೋಸ್ಟಿನಿಂದ ಬರುವವಳು’ ಎಂದು ಬರೆದ ಹೆಸರಿಗೆ ಕಂಟೇನರಿನಿಂದ ಬಂದರೆ ಪ್ರವೇಶವಿಲ್ಲ. ಓಣಿಯ ವಿಳಾಸದೊಡನೆ ಬೇರೊಂದು ಹೆಸರನ್ನು ಏರ್ಪಡಿಸಬೇಕು.

ಡೇಟಾಬೇಸನ್ನೂ ಒಂದು ಕಂಟೇನರಿನಲ್ಲಿಟ್ಟು ಎರಡನ್ನೂ ಒಂದೇ ಓಣಿಯಲ್ಲಿ ವಾಸ ಮಾಡಿಸಿದರೆ, ಅವು ಪರಸ್ಪರ ಹೆಸರು ಹಿಡಿದು ಕರೆದುಕೊಳ್ಳುವುವು, ತವರಿನ ಮಾತೇ ಇರುವುದಿಲ್ಲ. ಹೊಸದಾಗಿ ಆರಂಭಿಸುವವರಿಗೆ ನಾನು ಅದನ್ನೇ ಹೇಳುವೆನು. ಆದರೆ ಹಳೆಯ ದಾಖಲೆಗಳು ಹೋಸ್ಟಿನಲ್ಲಿ ಸುಖವಾಗಿ ಇದ್ದು, ಅವುಗಳ ನಕಲನ್ನು ಪ್ರತಿದಿನ ತೆಗೆಯುವ ಏರ್ಪಾಡೂ ಅಲ್ಲಿಯೇ ಇರುವಾಗ, ಪರೀಕ್ಷೆಗಳ ಕಾಲದಲ್ಲಿ ಅವನ್ನು ಕದಲಿಸುವುದು ಬುದ್ಧಿವಂತಿಕೆಯಲ್ಲ. ಹಾಗೆ ಕಂಟೇನರಿನಲ್ಲಿಡುವವರು ಒಂದು ಸಂಗತಿಯನ್ನು ಮರೆಯಬಾರದು: ಕಂಟೇನರಿನ ಪೋರ್ಟನ್ನು ಹೊರಕ್ಕೆ ಪ್ರಕಟಿಸುವ ಸೂಚನೆಯಲ್ಲಿ ‘5432:5432’ ಎಂದಷ್ಟೇ ಬರೆದರೆ ಅದು ಎಲ್ಲ ದಿಕ್ಕುಗಳಿಗೂ ತೆರೆಯುತ್ತದೆ, ಡಾಕರ್ ತನ್ನ ದಾರಿಯನ್ನು ತಾನೇ ಕಡಿದುಕೊಳ್ಳುವುದರಿಂದ ಯು.ಎಫ್.ಡಬ್ಲ್ಯು. ಕಾವಲುಗಾರನು ಅದನ್ನು ನೋಡುವುದೇ ಇಲ್ಲ. ‘ಮುಚ್ಚಿದೆ’ ಎಂದು ಅವನ ಪಟ್ಟಿಯಲ್ಲಿ ಬರೆದಿದ್ದರೂ ಬಾಗಿಲು ತೆರೆದೇ ಇರುತ್ತದೆ. ‘127.0.0.1:5432:5432’ ಎಂದು ಬರೆದರೆ ಹೋಸ್ಟಿನವರಿಗೆ ಮಾತ್ರ ತೆರೆಯುತ್ತದೆ. ಇಲ್ಲಿ ಸರ್ವನಾಮವನ್ನು ಆಡುವುದು ಹೋಸ್ಟೇ ಆದುದರಿಂದ ಅದರ ಅರ್ಥ ಸರಿಯಾಗಿಯೇ ಇರುತ್ತದೆ.

ಕೆಲಸ ಮುಗಿಸಿದ ಮೇಲೆ ಕಂಟೇನರ್ ಮಾತಾಡುತ್ತಿದೆಯೇ ಎಂದು ನೋಡಿ ಎದ್ದುಹೋಗಬಾರದು. ಬೇರೆಯವರು ಮಾತಾಡಲಾರರೇ ಎಂದೂ ನೋಡಬೇಕು. ಹೋಸ್ಟಿನಲ್ಲಿ ‘ಎಸ್‌ಎಸ್’ ಎಂಬ ಆಜ್ಞೆಯಿಂದ ಆಲಿಸುತ್ತಿರುವ ಬಾಗಿಲುಗಳ ಪಟ್ಟಿಯನ್ನು ತೆಗೆದು, 5432ರ ಎದುರಿಗೆ 127.0.0.1, 172.17.0.1 ಇವು ಮಾತ್ರ ಇವೆಯೆಂದೂ, 0.0.0.0 ಎಂಬುದು ಎಲ್ಲಿಯೂ ಇಲ್ಲವೆಂದೂ ಕಣ್ಣಾರೆ ನೋಡತಕ್ಕದ್ದು. ಐಪಿ ಆರನೆಯ ಆವೃತ್ತಿಯ ‘ನಾನು’ ಆದ ‘::1’ ಕಂಡರೆ ಗಾಬರಿಯಾಗಬೇಕಾದ್ದಿಲ್ಲ. ಬಳಿಕ ಶಾಲೆಯ ವೈ-ಫೈಗೆ ಸೇರಿದ ಬೇರೊಂದು ಲ್ಯಾಪ್‌ಟಾಪಿನಿಂದ ಆಫೀಸಿನ ಯಂತ್ರದ 5432ನೆಯ ಪೋರ್ಟಿಗೆ ಸಂಪರ್ಕವನ್ನು ಯತ್ನಿಸಿ, ಅದು ಕಾದು ಕಾದು ಕಾಲ ಮೀರಿತೆಂದು ಹೇಳುವವರೆಗೂ ಕುಳಿತಿರಬೇಕು. ನಮ್ಮ ವಿದ್ಯಾರ್ಥಿನಿಯು ಹಾಗೆ ಕುಳಿತಿದ್ದು, ಆ ಸೋಲಿನ ಉತ್ತರವನ್ನು ಅಚ್ಚು ಹಾಕಿ, ಆಫೀಸಿನ ಕಡತದಲ್ಲಿ ಮೊದಲನೆಯ ವರ್ಗಾವಣೆ ಪತ್ರದ ನಕಲಿನ ಜೊತೆಗೆ ಸೇರಿಸಿ, ಸಂಜೆಯ ರೈಲಿಗೆ ಹೊರಟಳು.